ಕಿಡ್ನಿ ಕಲ್ಲಿನ ಕೀಹೋಲ್ ಶಸ್ತ್ರಚಿಕಿತ್ಸೆ: ವೈದ್ಯರ ಕೈ ಪಳಗುವುದು ಹೇಗೆ?



ಮೂತ್ರಪಿಂಡದ ಕಲ್ಲಿಗೆ ನಮ್ಮ ಗಡಿ ಊರುಗಳಲ್ಲಿ ಹೆಸರು ಹಲವು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆ ಆಸ್ಪತ್ರೆಗೆ ಹೋದರೆ ‘ಮುತಖಡಾ’ ಎನ್ನುತ್ತಾರೆ. ಕಾಸರಗೋಡು, ವಯನಾಡಿನಲ್ಲಿ ‘ಮೂತ್ರಕ್ಕಲ್ಲ್’. ಹೊಸೂರು, ತಾಳವಾಡಿ, ನೀಲಗಿರಿಯಲ್ಲಿ ‘ಸಿರುನೀರಗ ಕಲ್’. ಆದೋನಿ, ರಾಯದುರ್ಗ, ಮಡಕಶಿರಾ ಕಡೆ ‘ರಾಳ್ಳು’. ಮನೆಗೆ ಬಂದರೆ ಎಲ್ಲರ ಬಾಯಲ್ಲೂ ‘ಕಿಡ್ನಿ ಕಲ್ಲು’. ಹೆಸರು ಯಾವುದಾದರೂ ನೋವು ಒಂದೇ. ಆಪರೇಷನ್ ಎಂದ ಕೂಡಲೇ ಮನೆಯವರಿಗೆ ಹುಟ್ಟುವ ಪ್ರಶ್ನೆಗಳೂ ಒಂದೇ: ಹತ್ತಿರದ ಆಸ್ಪತ್ರೆಯಲ್ಲೇ ಮಾಡಿಸೋಣವೇ, ದೂರದ ಊರಿಗೆ ಹೋಗೋಣವೇ? ಮೆಡಿಕಲ್ ಕಾಲೇಜಿಗೆ ಹೋದರೆ ಕಲಿಯುವ ಹುಡುಗರು ಕೈ ಹಾಕುತ್ತಾರಂತೆ, ಅದು ನಿಜವೇ? ಸಣ್ಣ ತೂತು ಮಾಡುವ ಆಪರೇಷನ್ ಅಂದರೆ ಸುಲಭದ್ದೇ ಅಲ್ಲವೇ?

ಈ ಪ್ರಶ್ನೆಗಳಿಗೆಲ್ಲ ಉತ್ತರ ಒಂದು ವಿಷಯದಲ್ಲಿದೆ. ಶಸ್ತ್ರವೈದ್ಯರು ಈ ಕೆಲಸವನ್ನು ಹೇಗೆ ಕಲಿಯುತ್ತಾರೆ ಎಂಬುದು ಗೊತ್ತಾದರೆ, ಯಾರನ್ನು ನಂಬಬೇಕು, ಏನು ಕೇಳಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ. ನಾವು ವೈದ್ಯರಲ್ಲ. ಪ್ರಕಟವಾಗಿರುವ ಮಾಹಿತಿಯನ್ನು ಓದಿ, ಸದಸ್ಯರಿಗೆ ಉಪಯೋಗವಾಗಲಿ ಎಂದು ಒಂದೆಡೆ ಸೇರಿಸಿದ್ದೇವೆ. ಚಿಕಿತ್ಸೆಯ ತೀರ್ಮಾನ ನಿಮ್ಮನ್ನು ಪರೀಕ್ಷಿಸಿದ ವೈದ್ಯರದ್ದು.

ಯಾವ ಕಲ್ಲಿಗೆ ಯಾವ ವಿಧಾನ

ಐದು ಮಿಲಿಮೀಟರ್‌ಗಿಂತ ಚಿಕ್ಕ ಕಲ್ಲುಗಳಲ್ಲಿ ಹೆಚ್ಚಿನವು ತಾವಾಗಿಯೇ ಮೂತ್ರದಲ್ಲಿ ಹೋಗುತ್ತವೆ. ಹೋಗದೆ ಉಳಿದವಕ್ಕೆ, ದೊಡ್ಡವಕ್ಕೆ ಇಂದು ಬಳಕೆಯಲ್ಲಿರುವ ವಿಧಾನಗಳು ಮುಖ್ಯವಾಗಿ ನಾಲ್ಕು.

1. ಲಿಥೋಟ್ರಿಪ್ಸಿ: ಹೊರಗಿನಿಂದ ಆಘಾತ ತರಂಗ ಕೊಟ್ಟು ಕಲ್ಲನ್ನು ಒಡೆಯುವುದು. ಗಾಯವಿಲ್ಲ. ಒಡೆದ ಚೂರು ಮೂತ್ರದಲ್ಲಿ ಹೋಗಬೇಕು.

2. ಯುಆರ್‌ಎಸ್: ಮೂತ್ರ ಹೊರಬರುವ ದಾರಿಯಿಂದಲೇ ತೆಳುವಾದ ದೂರದರ್ಶಕ ಕೊಳವೆಯನ್ನು ಮೂತ್ರಕೋಶದೊಳಗೆ, ಅಲ್ಲಿಂದ ಮೂತ್ರನಾಳದೊಳಗೆ ಕಳಿಸಿ ಕಲ್ಲು ಒಡೆಯುವುದು. ನಾಳದಲ್ಲಿ ಸಿಕ್ಕಿಕೊಂಡ ಕಲ್ಲಿಗೆ ಇದು ರೂಢಿ.

3. ಆರ್‌ಐಆರ್‌ಎಸ್: ಅದೇ ದಾರಿಯಲ್ಲಿ, ಆದರೆ ಬಾಗುವ ಕೊಳವೆಯನ್ನು ಕಿಡ್ನಿಯ ಒಳಗಿನವರೆಗೆ ಒಯ್ದು ಲೇಸರ್‌ನಿಂದ ಕಲ್ಲನ್ನು ಪುಡಿ ಮಾಡುವುದು.

4. ಪಿಸಿಎನ್‌ಎಲ್: ಬೆನ್ನಿನ ಪಕ್ಕದಿಂದ ಕಿಡ್ನಿಗೆ ನೇರವಾಗಿ ಒಂದು ಸಣ್ಣ ಸುರಂಗ ಮಾಡಿ ಕಲ್ಲನ್ನು ಒಡೆದು ತೆಗೆಯುವುದು. ಎರಡು ಸೆಂಟಿಮೀಟರ್‌ಗಿಂತ ದೊಡ್ಡ ಕಿಡ್ನಿ ಕಲ್ಲಿಗೆ ಸಾಮಾನ್ಯವಾಗಿ ಮೊದಲ ಆಯ್ಕೆ ಇದೇ.

ಈ ನಾಲ್ಕರಲ್ಲಿ ಕಲಿಯಲು ಅತಿ ಕಷ್ಟವಾದದ್ದು ಪಿಸಿಎನ್‌ಎಲ್. ಆದ್ದರಿಂದ ಈ ಲೇಖನದಲ್ಲಿ ಅದರ ಬಗ್ಗೆಯೇ ಹೆಚ್ಚು ಬರೆದಿದ್ದೇವೆ.

ಸ್ವಲ್ಪ ಹಿನ್ನೆಲೆ

ನಮ್ಮ ಹಿರಿಯ ಸದಸ್ಯರಲ್ಲಿ ಕೆಲವರ ಪಕ್ಕೆಯಲ್ಲಿ ಗೇಣುದ್ದದ ಗಾಯದ ಗುರುತು ಇರುವುದನ್ನು ನೋಡಿದ್ದೇವೆ. ಹಿಂದೆ ಕಲ್ಲು ತೆಗೆಯಬೇಕಾದರೆ ಪಕ್ಕೆಯನ್ನು ಕೊಯ್ದು ಕಿಡ್ನಿಯನ್ನು ತೆರೆಯಬೇಕಿತ್ತು. ಆಸ್ಪತ್ರೆ ವಾಸವೂ ದೀರ್ಘ, ಮತ್ತೆ ಕೆಲಸಕ್ಕೆ ಹೋಗಲು ವಾರಗಟ್ಟಲೆ ಕಾಯಬೇಕು.

1955ರಲ್ಲಿ ಅಮೆರಿಕದ ವಿಲ್ಲರ್ಡ್ ಗುಡ್‌ವಿನ್ ಮತ್ತು ಸಂಗಡಿಗರು, ಊದಿಕೊಂಡ ಕಿಡ್ನಿಗೆ ಚರ್ಮದ ಮೂಲಕವೇ ಸೂಜಿ ಚುಚ್ಚಿ ಮೂತ್ರ ಹೊರಬಿಡುವ ವಿಧಾನವನ್ನು ವಿವರಿಸಿದರು. ಆ ದಾರಿಯಲ್ಲೇ ಕಲ್ಲನ್ನೂ ತೆಗೆಯಬಹುದೆಂದು 1976ರಲ್ಲಿ ಸ್ವೀಡನ್ನಿನ ಫರ್ನ್‌ಸ್ಟ್ರೋಮ್ ಮತ್ತು ಜೋಹಾನ್ಸನ್ ತೋರಿಸಿಕೊಟ್ಟರು. ಪಿಸಿಎನ್‌ಎಲ್ ಹುಟ್ಟಿದ್ದು ಹೀಗೆ. 1980ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಕ್ರಿಶ್ಚಿಯನ್ ಶೌಸಿ ಮತ್ತು ತಂಡದವರು ಮೊದಲ ಬಾರಿಗೆ ಆಘಾತ ತರಂಗದಿಂದ ಮನುಷ್ಯನ ಕಿಡ್ನಿ ಕಲ್ಲನ್ನು ಒಡೆದರು. 1990ರ ದಶಕದಲ್ಲಿ ಹೋಲ್ಮಿಯಂ ಲೇಸರ್ ಬಂದ ಮೇಲೆ ಬಾಗುವ ಕೊಳವೆಯ ವಿಧಾನಕ್ಕೂ ಬಲ ಬಂತು.

ಭಾರತದ ಪಾಲೂ ಇದರಲ್ಲಿ ದೊಡ್ಡದು. ಗುಜರಾತಿನ ನಡಿಯಾದ್‌ನಲ್ಲಿರುವ ಮೂಲ್‌ಜೀಭಾಯಿ ಪಟೇಲ್ ಯೂರಾಲಜಿಕಲ್ ಆಸ್ಪತ್ರೆ ದೇಶವಿದೇಶದ ವೈದ್ಯರು ಕಲಿಯಲು ಬರುವ ಜಾಗ. ಅಲ್ಲಿನ ಡಾ. ಮಹೇಶ್ ದೇಸಾಯಿ ಮತ್ತು ಸಹೋದ್ಯೋಗಿಗಳು 2011ರಲ್ಲಿ ‘ಮೈಕ್ರೋ ಪಿಸಿಎನ್‌ಎಲ್’ ಎಂಬ ಅತಿ ಸಣ್ಣ ಸೂಜಿಯ ವಿಧಾನವನ್ನು ಪ್ರಕಟಿಸಿದರು. ಅದರ ಸೂಜಿಯ ದಪ್ಪ ಎರಡು ಮಿಲಿಮೀಟರ್‌ಗೂ ಕಡಿಮೆ.

ತೆರೆದ ಆಪರೇಷನ್‌ನಲ್ಲಿ ವೈದ್ಯರ ಕಣ್ಣ ಮುಂದೆ ಕಿಡ್ನಿ ಇರುತ್ತಿತ್ತು, ಕೈಗೆ ಸಿಗುತ್ತಿತ್ತು. ರಕ್ತ ಬಂದರೆ ಬೆರಳಿಟ್ಟು ಒತ್ತಬಹುದಿತ್ತು. ಈಗ ಕಿಡ್ನಿಯನ್ನು ನೋಡುವುದು ಪರದೆಯ ಮೇಲೆ. ರೋಗಿಯ ಗಾಯ ಚಿಕ್ಕದಾದಷ್ಟೂ ವೈದ್ಯರ ಕೆಲಸ ಕಠಿಣವಾಗುತ್ತಾ ಬಂದಿದೆ. ‘ಸಣ್ಣ ತೂತು, ಸುಲಭದ ಆಪರೇಷನ್’ ಎಂಬ ಮಾತು ರೋಗಿಯ ಮಟ್ಟಿಗೆ ಅಷ್ಟಿಷ್ಟು ಸರಿ. ಮಾಡುವವರ ಮಟ್ಟಿಗೆ ಅಲ್ಲ.

ಆ ಒಂದು ಸೂಜಿ

ಪಿಸಿಎನ್‌ಎಲ್‌ನಲ್ಲಿ ನಡೆಯುವುದನ್ನು ಕ್ರಮವಾಗಿ ಹೇಳುತ್ತೇವೆ. ರೋಗಿಗೆ ಅರಿವಳಿಕೆ ಕೊಟ್ಟ ಮೇಲೆ ಮೊದಲು ಮೂತ್ರದ್ವಾರದಿಂದ ತೆಳು ನಳಿಕೆಯೊಂದನ್ನು ಕಿಡ್ನಿಯವರೆಗೆ ಏರಿಸುತ್ತಾರೆ. ಬಳಿಕ ರೋಗಿಯನ್ನು ಬೋರಲಾಗಿ ಮಲಗಿಸುತ್ತಾರೆ. ಅಂಗಾತ ಮಲಗಿಸಿಯೇ ಮಾಡುವ ಪದ್ಧತಿಯೂ ಇದೆ. ನಳಿಕೆಯಿಂದ ಎಕ್ಸ್‌ರೇಯಲ್ಲಿ ಕಾಣುವ ದ್ರಾವಣ ಬಿಟ್ಟಾಗ ಕಿಡ್ನಿಯ ಒಳಕೋಣೆಗಳು ಸಿ-ಆರ್ಮ್ ಯಂತ್ರದ ಪರದೆಯಲ್ಲಿ ಮೂಡುತ್ತವೆ. ಯಾವ ಕೋಣೆಯಿಂದ ಹೊಕ್ಕರೆ ಕಲ್ಲು ಸಿಗುತ್ತದೆ ಎಂದು ನಿರ್ಧರಿಸಿ, ಹೊರಗಿನಿಂದ ಸೂಜಿ ಚುಚ್ಚುತ್ತಾರೆ. ಸೂಜಿಯೊಳಗಿಂದ ಮೂತ್ರ ತೊಟ್ಟಿಕ್ಕಿದರೆ ಸರಿಯಾದ ಜಾಗಕ್ಕೆ ತಲುಪಿತು ಎಂದರ್ಥ. ಅದರ ಮೂಲಕ ತಂತಿ ಬಿಟ್ಟು, ತಂತಿಯ ಮೇಲೆ ದಾರಿಯನ್ನು ಹಂತಹಂತವಾಗಿ ಹಿಗ್ಗಿಸಿ, ಕೊಳವೆ ಕೂರಿಸಿ, ಒಳಗೆ ಕ್ಯಾಮೆರಾ ಕಳಿಸಿ ಕಲ್ಲು ಒಡೆದು ತೆಗೆಯುತ್ತಾರೆ.

ವೈದ್ಯರು ಈ ಕೊಳವೆಯ ದಪ್ಪವನ್ನು ‘ಫ್ರೆಂಚ್’ ಎಂಬ ಅಳತೆಯಲ್ಲಿ ಹೇಳುತ್ತಾರೆ. ಮೂರು ಫ್ರೆಂಚ್ ಅಂದರೆ ಒಂದು ಮಿಲಿಮೀಟರ್. ಸಾಮಾನ್ಯ ಪಿಸಿಎನ್‌ಎಲ್‌ನಲ್ಲಿ 24ರಿಂದ 30 ಫ್ರೆಂಚ್, ಅಂದರೆ 8ರಿಂದ 10 ಮಿಲಿಮೀಟರ್ ದಾರಿ. ‘ಮಿನಿ’ ಎಂದು ಹೇಳುವುದರಲ್ಲಿ ಇದಕ್ಕಿಂತ ಸಣ್ಣ ದಾರಿ.

ಇಡೀ ಕೆಲಸದ ಯಶಸ್ಸು ನಿಂತಿರುವುದು ಆ ಮೊದಲ ಸೂಜಿಯ ಮೇಲೆ. ಕಿಡ್ನಿಯೊಳಗೆ ರಕ್ತನಾಳಗಳು ಮರದ ಕೊಂಬೆಯಂತೆ ಹರಡಿವೆ. ಒಳಕೋಣೆಯ ತುದಿಯ ನೇರಕ್ಕೆ ಹೊಕ್ಕರೆ ದೊಡ್ಡ ರಕ್ತನಾಳ ಸಿಗುವ ಸಂಭವ ಕಡಿಮೆ. ಕೋಣೆಯ ಕುತ್ತಿಗೆಯ ಭಾಗಕ್ಕೆ ಹೊಕ್ಕರೆ ರಕ್ತಸ್ರಾವದ ಅಪಾಯ ಹೆಚ್ಚು. ಮೇಲಿನ ಕೋಣೆಗೆ ಚುಚ್ಚುವಾಗ ಶ್ವಾಸಕೋಶದ ಪೊರೆ ಹತ್ತಿರ ಇರುತ್ತದೆ. ಕರುಳು, ಗುಲ್ಮ, ಯಕೃತ್ತು ಕೂಡ ನೆರೆಹೊರೆಯವೇ. ಇದಲ್ಲದೆ ಉಸಿರಾಟದ ಜೊತೆ ಕಿಡ್ನಿ ಮೇಲೆ ಕೆಳಗೆ ಚಲಿಸುತ್ತಿರುತ್ತದೆ. ಪರದೆಯಲ್ಲಿ ಕಾಣುವುದು ಚಪ್ಪಟೆ ನೆರಳು. ಅದನ್ನು ನೋಡಿಕೊಂಡು ಆಳ, ಅಗಲ, ಕೋನ ಮೂರನ್ನೂ ಮನಸ್ಸಿನಲ್ಲೇ ಲೆಕ್ಕ ಹಾಕಬೇಕು.

ಇದಕ್ಕೆ ಎರಡು ಹಳೆಯ ಉಪಾಯಗಳಿವೆ. ಮೊದಲನೆಯದಕ್ಕೆ ‘ಬುಲ್ಸ್ ಐ’ ಎಂದು ಹೆಸರು. ಎಕ್ಸ್‌ರೇ ಯಂತ್ರವನ್ನು ಸುಮಾರು 30 ಡಿಗ್ರಿ ವಾಲಿಸಿ, ಸೂಜಿಯನ್ನು ಅದರ ಕಿರಣದ ನೇರಕ್ಕೆ ಹಿಡಿದರೆ ಸೂಜಿ ಪರದೆಯಲ್ಲಿ ಒಂದು ಚುಕ್ಕೆಯಾಗಿ ಕಾಣುತ್ತದೆ. ಆ ಚುಕ್ಕೆ ಗುರಿಯ ಮೇಲೆ ಕೂತರೆ ದಿಕ್ಕು ಸರಿ. ಆಮೇಲೆ ಯಂತ್ರವನ್ನು ನೇರ ಮಾಡಿ ಆಳ ನೋಡುತ್ತಾರೆ. ಎರಡನೆಯದು ‘ಟ್ರಯಾಂಗ್ಯುಲೇಷನ್’. ಎರಡು ಬೇರೆ ಬೇರೆ ಕೋನಗಳಿಂದ ನೋಡುತ್ತಾ ಒಂದು ಕೋನದಲ್ಲಿ ಎಡ-ಬಲ, ಇನ್ನೊಂದರಲ್ಲಿ ಮೇಲೆ-ಕೆಳಗೆ ಸರಿಪಡಿಸಿಕೊಳ್ಳುವುದು. ಅಲ್ಟ್ರಾಸೌಂಡ್ ನೋಡಿಕೊಂಡು ಚುಚ್ಚುವುದನ್ನೂ ಈಗ ಅನೇಕರು ಕಲಿಯುತ್ತಾರೆ. ಅದರಿಂದ ವಿಕಿರಣ ಕಡಿಮೆ, ಅಕ್ಕಪಕ್ಕದ ಅಂಗವೂ ಕಾಣುತ್ತದೆ.

ಅಮೆರಿಕ, ಬ್ರಿಟನ್ನಿನಲ್ಲಿ ಈ ಸೂಜಿಯ ಕೆಲಸವನ್ನು ಎಷ್ಟೋ ಕಡೆ ರೇಡಿಯಾಲಜಿಸ್ಟ್ ಮಾಡಿಕೊಡುತ್ತಾರೆ. ಭಾರತದಲ್ಲಿ ಸಾಮಾನ್ಯವಾಗಿ ಯೂರಾಲಜಿಸ್ಟರೇ ಮಾಡುತ್ತಾರೆ. ಹಾಗಾಗಿ ನಮ್ಮಲ್ಲಿ ಯೂರಾಲಜಿ ಕಲಿಕೆಯ ಬಹುಮುಖ್ಯ ಪಾಠಗಳಲ್ಲಿ ಇದೂ ಒಂದು.

ಕಲಿಕೆಯ ವರ್ಷಗಳು

ಎಂಬಿಬಿಎಸ್ ಮತ್ತು ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಜನರಲ್ ಸರ್ಜರಿ ಎಂಎಸ್ ಮೂರು ವರ್ಷ. ನಂತರ ನೀಟ್ ಸೂಪರ್ ಸ್ಪೆಷಾಲಿಟಿ ಪರೀಕ್ಷೆ ಬರೆದು ಯೂರಾಲಜಿಯಲ್ಲಿ ಎಂಸಿಎಚ್ ಅಥವಾ ಡಿಆರ್‌ಎನ್‌ಬಿ ಮೂರು ವರ್ಷ. ಎಲ್ಲೂ ತಡೆಯಿಲ್ಲದೆ ಸಾಗಿದರೂ ಸುಮಾರು ಹನ್ನೊಂದೂವರೆ ವರ್ಷ. ಎಲ್ಲಾದರೂ ‘ಯೂರಾಲಜಿಸ್ಟ್’ ಎಂಬ ಫಲಕ ಕಂಡರೆ ಅದರ ಕೆಳಗೆ ಎಂಸಿಎಚ್ ಅಥವಾ ಡಿಆರ್‌ಎನ್‌ಬಿ (ಹಳಬರಾದರೆ ಡಿಎನ್‌ಬಿ) ಯೂರಾಲಜಿ ಎಂದಿದೆಯೇ ಎಂದು ನೋಡುವುದು ಮೊದಲ ಕೆಲಸ. ವೈದ್ಯರ ನೋಂದಣಿಯನ್ನು ಆಯಾ ರಾಜ್ಯದ ವೈದ್ಯಕೀಯ ಪರಿಷತ್ತಿನ ಪಟ್ಟಿಯಲ್ಲಿ ಪರಿಶೀಲಿಸಬಹುದು.

ಆ ಕೊನೆಯ ಮೂರು ವರ್ಷಗಳಲ್ಲಿ ಒಂದೇ ಸಲ ಇಡೀ ಆಪರೇಷನ್ ಕೈಗೆ ಬರುವುದಿಲ್ಲ. ಒಳ್ಳೆಯ ವಿಭಾಗಗಳಲ್ಲಿ ಕೆಲಸವನ್ನು ಬಿಡಿಬಿಡಿಯಾಗಿ ಒಡೆದು ಕಲಿಸುತ್ತಾರೆ. ಮೊದಲು ಮೂತ್ರಕೋಶದೊಳಗೆ ಕ್ಯಾಮೆರಾ ಹಾಕಿ ನೋಡುವುದು, ಸ್ಟೆಂಟ್ ತೆಗೆಯುವುದು. ಆಮೇಲೆ ತಂತಿ ಮತ್ತು ಸ್ಟೆಂಟ್ ಹಾಕುವುದು. ನಂತರ ಮೂತ್ರನಾಳದ ಕೆಳಭಾಗದ ಕಲ್ಲು. ಪಿಸಿಎನ್‌ಎಲ್‌ಗೆ ಬಂದಾಗ, ಹಿರಿಯರು ದಾರಿ ಮಾಡಿಕೊಟ್ಟ ಮೇಲೆ ಕಲ್ಲು ಒಡೆಯುವ ಭಾಗ ಮಾತ್ರ. ಬಳಿಕ ದಾರಿ ಹಿಗ್ಗಿಸುವುದು. ಸೂಜಿ ಚುಚ್ಚುವ ಸರದಿ ಬರುವುದು ಸಾಮಾನ್ಯವಾಗಿ ಕೊನೆಗೆ. ನಾವು ಕಚೇರಿಗಳಲ್ಲಿ ಕಂಡ ಕ್ರಮವೂ ಇದೇ ತಾನೆ. ಹೊಸಬ ಗುಮಾಸ್ತನಿಗೆ ಮೊದಲು ಟಪಾಲು ಪುಸ್ತಕ, ನಗದು ಪುಸ್ತಕ ಕೊಡುವುದು ಎಷ್ಟೋ ವರ್ಷದ ಮೇಲೆ.

ರೋಗಿಯ ಮೇಲೆ ಕೈಯಿಡುವ ಮೊದಲು

‘ಒಂದು ನೋಡು, ಒಂದು ಮಾಡು, ಒಂದು ಕಲಿಸು’ ಎಂಬುದು ಶಸ್ತ್ರವೈದ್ಯರಲ್ಲಿ ಹಿಂದಿನಿಂದ ಬಂದ ಮಾತು. ಇಂದಿನ ತರಬೇತಿ ಇದನ್ನು ಒಪ್ಪುವುದಿಲ್ಲ. ಮೊದಲ ತಪ್ಪುಗಳೆಲ್ಲ ಮಾದರಿಯ ಮೇಲೆ ಆಗಿ ಮುಗಿಯಲಿ ಎಂಬುದು ಈಗಿನ ನೀತಿ.

ಮಾದರಿಗಳು ಹಲವು ಬಗೆ. ಸಿಲಿಕೋನ್‌ನಿಂದ ಮಾಡಿದ ಕಿಡ್ನಿಗಳಿವೆ. ರೋಗಿಯೊಬ್ಬರ ಸಿಟಿ ಸ್ಕ್ಯಾನ್ ಆಧರಿಸಿ 3ಡಿ ಪ್ರಿಂಟರ್‌ನಲ್ಲಿ ಅದೇ ಆಕಾರದ ಕಿಡ್ನಿ ಮಾಡಿಕೊಳ್ಳುವುದೂ ಉಂಟು. ಹಂದಿಯ ಕಿಡ್ನಿಯನ್ನು ಕೋಳಿಯ ಮೈಯೊಳಗೆ ಹುದುಗಿಸಿ, ಚರ್ಮ ಮತ್ತು ಪಕ್ಕೆಲುಬಿನ ಅನುಭವ ಬರುವಂತೆ ಮಾಡುವ ವಿಧಾನವಿದೆ. ಪರ್ಕ್ ಮೆಂಟರ್, ಯೂರೋ ಮೆಂಟರ್ ಎಂಬ ಕಂಪ್ಯೂಟರ್ ಯಂತ್ರಗಳಲ್ಲಿ ವಿಕಿರಣವಿಲ್ಲದೆಯೇ ಎಕ್ಸ್‌ರೇ ಪರದೆ ನೋಡಿ ಚುಚ್ಚುವ ಅಭ್ಯಾಸ ಮಾಡಬಹುದು. ಆ ಯಂತ್ರಗಳ ಬೆಲೆ ಹೆಚ್ಚು, ಎಲ್ಲ ಕಾಲೇಜುಗಳಿಗೂ ಕೊಳ್ಳಲಾಗುವುದಿಲ್ಲ. ಹಾಗೆಂದು ಅಭ್ಯಾಸ ನಿಲ್ಲಬೇಕಾಗಿಲ್ಲ. ಬೆಂಗಳೂರಿನ ಯೂರಾಲಜಿಸ್ಟರು 2015ರಲ್ಲಿ ಇಂಡಿಯನ್ ಜರ್ನಲ್ ಆಫ್ ಯೂರಾಲಜಿಯಲ್ಲಿ, ತರಕಾರಿಯನ್ನೇ ಮಾದರಿಯಾಗಿ ಬಳಸಿ ಪಿಸಿಎನ್‌ಎಲ್ ಸೂಜಿಯ ಅಭ್ಯಾಸ ಮಾಡಿಸುವ ಕ್ರಮವನ್ನು ಪ್ರಕಟಿಸಿದ್ದಾರೆ. ಸಂತೆಯಲ್ಲಿ ಸಿಗುವ ವಸ್ತುವಿನಿಂದಲೂ ಕೈ ಪಳಗಿಸಬಹುದು ಎಂಬುದಕ್ಕೆ ಇದು ಸಾಕ್ಷಿ.

ಇದರಿಂದ ರೋಗಿಗೆ ನಿಜವಾಗಿ ಲಾಭವಿದೆಯೇ? ಮೂತ್ರನಾಳದ ಎಂಡೋಸ್ಕೋಪಿ ಬಗ್ಗೆ ಹಲವು ದೇಶಗಳ ತರಬೇತಿ ವೈದ್ಯರನ್ನು ಎರಡು ಗುಂಪು ಮಾಡಿ ನಡೆಸಿದ ಅಧ್ಯಯನವೊಂದು 2022ರಲ್ಲಿ ಯುರೋಪಿಯನ್ ಯೂರಾಲಜಿ ಪತ್ರಿಕೆಯಲ್ಲಿ ಬಂತು. ಮಾದರಿಯ ಮೇಲೆ ಅಭ್ಯಾಸ ಮಾಡಿದ ಗುಂಪಿನ ಅಂಕಗಳು ಮೇಲಾಗಿದ್ದವು. ಅವರ ರೋಗಿಗಳಲ್ಲಿ ಮೂತ್ರನಾಳಕ್ಕೆ ಆದ ಗಾಯಗಳೂ ಕಡಿಮೆ.

ಅಂಕ ಕೊಡುವುದಕ್ಕೂ ಕ್ರಮವಿದೆ. ಕೆನಡಾದ ಟೊರಾಂಟೊದಲ್ಲಿ 1990ರ ದಶಕದಲ್ಲಿ ರೂಪುಗೊಂಡ ‘ಒಸ್ಯಾಟ್ಸ್’ ಎಂಬ ಪಟ್ಟಿಯಲ್ಲಿ ಏಳು ಅಂಶಗಳಿವೆ: ಅಂಗಾಂಶವನ್ನು ಜೋಪಾನವಾಗಿ ಮುಟ್ಟುತ್ತಾರೆಯೇ, ಅನಗತ್ಯ ಚಲನೆ ಇದೆಯೇ, ಉಪಕರಣ ಹಿಡಿಯುವ ರೀತಿ, ಉಪಕರಣಗಳ ತಿಳಿವಳಿಕೆ, ಸಹಾಯಕರನ್ನು ಬಳಸುವ ರೀತಿ, ಕೆಲಸದ ಓಘ, ಆ ಶಸ್ತ್ರಚಿಕಿತ್ಸೆಯ ಜ್ಞಾನ. ಪ್ರತಿಯೊಂದಕ್ಕೂ ಒಂದರಿಂದ ಐದು ಅಂಕ. ನೋಡುತ್ತಿರುವ ಹಿರಿಯರು ‘ಚೆನ್ನಾಗಿ ಮಾಡಿದ’ ಎಂದಷ್ಟೇ ಹೇಳುವ ಬದಲು ಯಾವುದರಲ್ಲಿ ಹಿಂದಿದ್ದಾನೆ ಎಂದು ಬರೆದು ಕೊಡಬೇಕಾಗುತ್ತದೆ.

ಎಷ್ಟು ಮಾಡಿದರೆ ಕೈ ಪಳಗುತ್ತದೆ

ಈ ಪ್ರಶ್ನೆಯನ್ನು ವೈದ್ಯರೇ ತಮ್ಮನ್ನು ತಾವು ಕೇಳಿಕೊಂಡು ಲೆಕ್ಕ ಇಟ್ಟಿದ್ದಾರೆ. ಲಂಡನ್ನಿನ ವೈದ್ಯರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಬ್ಬ ಶಸ್ತ್ರವೈದ್ಯರು ಆರಂಭದಿಂದ ಮಾಡಿದ ಪಿಸಿಎನ್‌ಎಲ್‌ಗಳನ್ನು ಗಮನಿಸಲಾಯಿತು. ಸುಮಾರು 60 ಆದ ಮೇಲೆ ಆಪರೇಷನ್ ಸಮಯ ಒಂದು ಮಟ್ಟಕ್ಕೆ ನಿಂತಿತು. ಎಕ್ಸ್‌ರೇ ಬಳಕೆ ಅನುಭವಿ ಹಿರಿಯರ ಮಟ್ಟಕ್ಕೆ ಇಳಿಯಲು ಸುಮಾರು 115 ಬೇಕಾಯಿತು. 2007ರಲ್ಲಿ ಟರ್ಕಿಯಿಂದ ಬಂದ ಅಧ್ಯಯನವೂ 60ರ ಸುಮಾರಿನ ಸಂಖ್ಯೆಯನ್ನೇ ಹೇಳಿತು. ಆದ್ದರಿಂದ ಸ್ವತಂತ್ರವಾಗಿ ಮಾಡಲು 60, ನುರಿತ ಕೈ ಎನಿಸಿಕೊಳ್ಳಲು 100ಕ್ಕೂ ಹೆಚ್ಚು ಎಂದು ಈ ವಿಷಯದ ಬರಹಗಳಲ್ಲಿ ಸಾಮಾನ್ಯವಾಗಿ ಕಾಣುತ್ತದೆ.

ಈ ಸಂಖ್ಯೆಗಳನ್ನು ಗೆರೆ ಎಳೆದಂತೆ ತಿಳಿಯಬಾರದು. ಒಬ್ಬರ ಕೈ ಬೇಗ ಪಳಗುತ್ತದೆ, ಇನ್ನೊಬ್ಬರದು ನಿಧಾನ. ಸಮಯ ಕಡಿಮೆಯಾದ ಮಾತ್ರಕ್ಕೆ ಕೆಲಸ ಉತ್ತಮವಾಯಿತು ಎಂದೂ ಅಲ್ಲ. ಕಲ್ಲು ಪೂರ್ತಿ ಹೋಯಿತೇ, ರಕ್ತ ಕೊಡಬೇಕಾಯಿತೇ, ಜ್ವರ ಬಂತೇ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. 2007ರಿಂದ 2009ರವರೆಗೆ ಜಗತ್ತಿನ 96 ಕೇಂದ್ರಗಳಲ್ಲಿ ಪಿಸಿಎನ್‌ಎಲ್ ಆದ 5,803 ರೋಗಿಗಳ ಮಾಹಿತಿ ಸಂಗ್ರಹಿಸಲಾಯಿತು. ಅದರಲ್ಲಿ ಕಲ್ಲು ಪೂರ್ತಿ ಹೋದವರು ಶೇ. 75.7. ಜ್ವರ ಬಂದವರು ಶೇ. 10.5. ರಕ್ತ ಕೊಡಬೇಕಾಗಿ ಬಂದವರು ಶೇ. 5.7. ಅದೇ ಮಾಹಿತಿಯನ್ನು ಮುಂದೆ ವಿಂಗಡಿಸಿ ನೋಡಿದಾಗ, ವರ್ಷಕ್ಕೆ ಹೆಚ್ಚು ಆಪರೇಷನ್ ಮಾಡುವ ಕೇಂದ್ರಗಳಲ್ಲಿ ಫಲಿತಾಂಶ ಉತ್ತಮವಾಗಿತ್ತು, ತೊಡಕು ಕಡಿಮೆಯಿತ್ತು.

ಯಾವ ಕಲ್ಲು ಯಾರ ಕೈಗೆ ಎಂಬುದಕ್ಕೂ ಒಂದು ಅಳತೆಗೋಲಿದೆ. ಲಂಡನ್ನಿನ ಗೈಸ್ ಆಸ್ಪತ್ರೆಯವರು 2011ರಲ್ಲಿ ಪ್ರಕಟಿಸಿದ ‘ಗೈಸ್ ಸ್ಟೋನ್ ಸ್ಕೋರ್’ ಕಲ್ಲನ್ನು ನಾಲ್ಕು ದರ್ಜೆಯಲ್ಲಿ ಇಡುತ್ತದೆ. ಸಹಜ ರಚನೆಯ ಕಿಡ್ನಿಯಲ್ಲಿ ಕೆಳಗೋ ನಡುವೆಯೋ ಇರುವ ಒಂಟಿ ಕಲ್ಲು ಮೊದಲ ದರ್ಜೆ. ಇಡೀ ಕಿಡ್ನಿ ತುಂಬಿ ಜಿಂಕೆಯ ಕೊಂಬಿನಂತೆ ಕವಲೊಡೆದ ಕಲ್ಲು ನಾಲ್ಕನೆಯದು. ಕಲಿಯುವವರಿಗೆ ಮೊದಲ ದರ್ಜೆಯ ಕಲ್ಲುಗಳಿಂದ ಆರಂಭ. ನಾಲ್ಕನೆಯ ದರ್ಜೆಯ ಕಲ್ಲಿರುವವರು ನುರಿತ ಕೈಯನ್ನು, ಹೆಚ್ಚು ಆಪರೇಷನ್ ನಡೆಯುವ ಕೇಂದ್ರವನ್ನು ಹುಡುಕಿಕೊಂಡು ಹೋಗುವುದು ಲೇಸು. ಸಣ್ಣ, ಸರಳ ಕಲ್ಲಿಗೆ ಅಷ್ಟು ದೂರ ಓಡಬೇಕಾಗಿಲ್ಲ. ನಮ್ಮ ಮೊದಲ ಪ್ರಶ್ನೆಗೆ ಇಲ್ಲಿ ಉತ್ತರ ಸಿಕ್ಕಂತಾಯಿತು.

ಬಾಗುವ ಕೊಳವೆಯ ಪಾಠ

ಆರ್‌ಐಆರ್‌ಎಸ್‌ನಲ್ಲಿ ಚುಚ್ಚುವುದಿಲ್ಲ, ಗಾಯವಿಲ್ಲ. ಆದರೆ ಅದಕ್ಕೂ ಬೇರೆಯೇ ಕೈಚಳಕ ಬೇಕು. ಕೊಳವೆಗೆ ಮೂರು ಚಲನೆ: ಒಳಗೆ ಹೊರಗೆ ತಳ್ಳುವುದು, ಮಣಿಕಟ್ಟಿನಿಂದ ತಿರುಗಿಸುವುದು, ಹೆಬ್ಬೆರಳಿನ ಸನ್ನೆಯಿಂದ ತುದಿಯನ್ನು ಬಾಗಿಸುವುದು. ಮೂರನ್ನೂ ಒಟ್ಟಿಗೆ ಹೊಂದಿಸಿಕೊಂಡು ಕಿಡ್ನಿಯ ಒಂದೊಂದು ಕೋಣೆಯನ್ನೂ ನೋಡಬೇಕು. ತುದಿ ಬಾಗಿರುವಾಗ ಲೇಸರ್ ತಂತಿ ತೂರಿಸಿದರೆ ಕೊಳವೆಯ ಒಳಮೈ ತೂತಾಗುತ್ತದೆ, ದುಬಾರಿ ಉಪಕರಣ ಕೆಡುತ್ತದೆ. ಕೊಳವೆಯನ್ನು ನೇರ ಮಾಡಿ, ತಂತಿ ತೂರಿಸಿ, ಆಮೇಲೆ ಬಾಗಿಸಬೇಕು ಎಂಬುದು ಮೊದಲ ದಿನದ ಪಾಠಗಳಲ್ಲಿ ಒಂದು.

ಅದಕ್ಕಿಂತ ಮುಖ್ಯವಾದ ಪಾಠ ನೀರಿನ ಒತ್ತಡದ್ದು. ಕಣ್ಣಿಗೆ ಚೆನ್ನಾಗಿ ಕಾಣಲೆಂದು ಒಳಗೆ ನೀರು ಹಾಯಿಸುತ್ತಿರುತ್ತಾರೆ. ಒತ್ತಡ ಮಿತಿಮೀರಿದರೆ ಕಿಡ್ನಿಯಲ್ಲಿರುವ ಸೋಂಕು ರಕ್ತಕ್ಕೆ ಸೇರಬಹುದು. ಮೂತ್ರನಾಳ ಬಿಗಿಯಾಗಿದ್ದರೆ ಬಲವಂತವಾಗಿ ತಳ್ಳಬಾರದು. ಸ್ಟೆಂಟ್ ಹಾಕಿ ಒಂದೆರಡು ವಾರ ಬಿಟ್ಟರೆ ನಾಳ ಹಿಗ್ಗುತ್ತದೆ, ಆಗ ಮತ್ತೆ ಪ್ರಯತ್ನಿಸಬಹುದು.

ನಿಲ್ಲಿಸುವುದನ್ನು ಕಲಿಯುವುದು

ಕೈಚಳಕದಷ್ಟೇ ಮುಖ್ಯವಾದದ್ದು ವಿವೇಚನೆ. ಸೂಜಿಯಿಂದ ಮೂತ್ರದ ಬದಲು ಕೀವು ಬಂದರೆ ಅಂದು ಕಲ್ಲಿಗೆ ಕೈ ಹಾಕದೆ, ಕೀವು ಬಸಿಯಲು ನಳಿಕೆ ಇಟ್ಟು, ಸೋಂಕು ಇಳಿದ ಮೇಲೆ ಮತ್ತೆ ಕರೆಸಬೇಕು. ರಕ್ತ ಹೆಚ್ಚು ಬಂದು ಕ್ಯಾಮೆರಾದಲ್ಲಿ ಏನೂ ಕಾಣದಿದ್ದರೂ ಅಷ್ಟೇ, ಕೆಲಸ ಅಲ್ಲಿಗೆ ನಿಲ್ಲಿಸಬೇಕು. ದೊಡ್ಡ ಕಲ್ಲಿಗೆ ಎರಡು ಸಲ ಆಪರೇಷನ್ ಎಂದು ಮೊದಲೇ ಹೇಳುವುದೂ ಉಂಟು.

ನಮ್ಮ ಜನ ಇದನ್ನು ತಪ್ಪಾಗಿ ತಿಳಿಯುತ್ತಾರೆ. ‘ಅರ್ಧಕ್ಕೆ ಬಿಟ್ಟರು, ಬರಲಿಲ್ಲ ಅವರಿಗೆ’ ಎಂದು ಊರೆಲ್ಲ ಮಾತಾಗುತ್ತದೆ. ವಾಸ್ತವದಲ್ಲಿ ಹೊಸಬರಿಗೆ ಅತಿ ಕಷ್ಟವಾದ ಪಾಠವೇ ಇದು. ನಿಲ್ಲಿಸಿದ ಕಾರಣವನ್ನು ಮನೆಯವರಿಗೆ ಸ್ಪಷ್ಟವಾಗಿ ತಿಳಿಸುವ ವೈದ್ಯರ ಮೇಲೆ ನಂಬಿಕೆ ಹೆಚ್ಚಬೇಕೇ ಹೊರತು ಕಡಿಮೆಯಾಗಬಾರದು.

ಒಂದು ವಿಷಯವನ್ನು ಎಲ್ಲ ಸದಸ್ಯರೂ ನೆನಪಿಡಬೇಕೆಂದು ಕೋರುತ್ತೇವೆ. ಕಲ್ಲಿನ ನೋವಿನ ಜೊತೆಗೆ ಚಳಿಜ್ವರ ಬಂದರೆ, ಇಲ್ಲವೇ ಮೂತ್ರ ನಿಂತುಹೋದರೆ, ಯಾರು ನುರಿತವರು ಎಂದು ವಿಚಾರಿಸುತ್ತಾ ದಿನ ಕಳೆಯಬಾರದು. ಅದು ತುರ್ತು ಸ್ಥಿತಿ. ಹತ್ತಿರದ ಆಸ್ಪತ್ರೆಗೆ ಕೂಡಲೇ ಹೋಗಬೇಕು. ಅಲ್ಲಿ ಮೊದಲು ಸ್ಟೆಂಟ್ ಅಥವಾ ನಳಿಕೆ ಹಾಕಿ ಮೂತ್ರಕ್ಕೆ ದಾರಿ ಮಾಡುತ್ತಾರೆ. ಕಲ್ಲು ತೆಗೆಯುವುದು ಆಮೇಲಿನ ಮಾತು.

ಮೆಡಿಕಲ್ ಕಾಲೇಜಿನ ಭಯ

ಕಾಸರಗೋಡಿನವರು ಮಂಗಳೂರಿಗೆ, ವಯನಾಡಿನವರು ಕೋಯಿಕ್ಕೋಡಿಗೆ, ನೀಲಗಿರಿಯವರು ಕೊಯಮತ್ತೂರಿಗೆ, ಹೊಸೂರಿನವರು ಬೆಂಗಳೂರಿಗೆ, ರಾಯದುರ್ಗ ಮತ್ತು ಆದೋನಿಯವರು ಬಳ್ಳಾರಿ ಅಥವಾ ಕರ್ನೂಲಿಗೆ ಹೋಗುವುದು ವಾಡಿಕೆ. ಇವೆಲ್ಲ ಮೆಡಿಕಲ್ ಕಾಲೇಜು ಇರುವ ಊರುಗಳು. ‘ಅಲ್ಲಿ ನಮ್ಮ ಮೇಲೆ ಕಲಿಯುತ್ತಾರೆ’ ಎಂಬ ಭಯ ಕೆಲವರಲ್ಲಿದೆ.

ಕಲಿಯುತ್ತಾರೆ ಎಂಬುದು ನಿಜ. ಕಲಿಯದೆ ಮುಂದಿನ ತಲೆಮಾರಿಗೆ ವೈದ್ಯರು ಎಲ್ಲಿಂದ ಬರಬೇಕು? ಕೇಳಬೇಕಾದದ್ದು ಮೇಲ್ವಿಚಾರಣೆಯ ಬಗ್ಗೆ. ಹಿರಿಯ ವೈದ್ಯರು ಪಕ್ಕದಲ್ಲೇ ಕೈ ತೊಳೆದು ನಿಂತಿರುತ್ತಾರೆಯೇ, ಅಥವಾ ಫೋನಿನಲ್ಲಿ ಸಿಗುತ್ತಾರೆಯೇ ಎಂಬುದರಲ್ಲಿ ಬಹಳ ವ್ಯತ್ಯಾಸವಿದೆ. ಪಕ್ಕದಲ್ಲಿ ಹಿರಿಯರಿದ್ದು, ಹಂತಹಂತವಾಗಿ ಬಿಟ್ಟುಕೊಟ್ಟು, ಬೇಕಾದಾಗ ತಾವೇ ಕೈಗೆತ್ತಿಕೊಳ್ಳುವ ಕಡೆ ರೋಗಿಗೆ ಎರಡು ಜೊತೆ ಕಣ್ಣಿನ ಕಾವಲು. ಜೊತೆಗೆ ರೇಡಿಯಾಲಜಿ, ರಕ್ತನಿಧಿ, ಐಸಿಯು ಒಂದೇ ಆವರಣದಲ್ಲಿ ಇರುವುದು ರಕ್ತಸ್ರಾವವಾದಾಗ ಜೀವ ಉಳಿಸುತ್ತದೆ. ಯಾವ ತರಬೇತಿಯೂ ಇಲ್ಲದ ಕಡೆ, ಅಪರೂಪಕ್ಕೊಮ್ಮೆ ಈ ಆಪರೇಷನ್ ಮಾಡುವ ಒಬ್ಬಂಟಿ ಕೈಗಿಂತ ಇದು ಅನೇಕ ಸಲ ಮೇಲು.

ನಾವು ಕೇಳಬೇಕಾದ ಪ್ರಶ್ನೆಗಳು

ಬ್ರಿಟನ್ನಿನಲ್ಲಿ ಯೂರಾಲಜಿಸ್ಟರ ಸಂಘವು ಪಿಸಿಎನ್‌ಎಲ್ ಮಾಡುವ ವೈದ್ಯರ ಫಲಿತಾಂಶಗಳನ್ನು ಸಂಗ್ರಹಿಸಿ ಸಾರ್ವಜನಿಕರ ಮುಂದಿಟ್ಟಿದೆ. ನಮ್ಮಲ್ಲಿ ಹಾಗೆ ಪಟ್ಟಿ ನೋಡಿ ಆಯ್ಕೆ ಮಾಡುವ ರೂಢಿ ಇಲ್ಲವಾದ್ದರಿಂದ ಬಾಯಿಬಿಟ್ಟು ಕೇಳುವುದೇ ದಾರಿ. ಈ ಕೆಳಗಿನವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಬಹುದು.

1. ನನ್ನ ಕಲ್ಲಿನ ಅಳತೆ ಎಷ್ಟು, ಎಲ್ಲಿದೆ, ಸರಳವೋ ಜಟಿಲವೋ?
2. ಈ ವಿಧಾನವೇ ಏಕೆ? ಬೇರೆ ಯಾವುದು ಸಾಧ್ಯ?
3. ಆಪರೇಷನ್ ಮಾಡುವವರು ಯಾರು? ತರಬೇತಿ ವೈದ್ಯರು ಇದ್ದರೆ ಹಿರಿಯರು ಒಳಗೆ ಇರುತ್ತಾರೆಯೇ?
4. ಈ ಬಗೆಯ ಆಪರೇಷನ್ ಇಲ್ಲಿ ವರ್ಷಕ್ಕೆ ಸುಮಾರು ಎಷ್ಟು ನಡೆಯುತ್ತದೆ?
5. ಒಂದೇ ಸಲಕ್ಕೆ ಕಲ್ಲು ಪೂರ್ತಿ ಹೋಗುವ ಸಂಭವ ಎಷ್ಟು?
6. ರಕ್ತಸ್ರಾವ ನಿಲ್ಲದಿದ್ದರೆ ಇಲ್ಲೇ ವ್ಯವಸ್ಥೆ ಇದೆಯೇ, ಬೇರೆಡೆಗೆ ಕಳಿಸುತ್ತೀರಾ?
7. ಒಳಗೆ ಸ್ಟೆಂಟ್ ಇಡುತ್ತೀರಾ? ಯಾವ ದಿನಾಂಕದಂದು ತೆಗೆಯಬೇಕು?

ಏಳನೆಯದನ್ನು ದಯವಿಟ್ಟು ಮರೆಯಬೇಡಿ. ಮೂತ್ರನಾಳದಲ್ಲಿಟ್ಟ ಡಿಜೆ ಸ್ಟೆಂಟ್ ತಾತ್ಕಾಲಿಕ. ನೋವು ಹೋಯಿತೆಂದು ಅದನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಬಿಟ್ಟರೆ ಅದರ ಮೇಲೆಯೇ ಕಲ್ಲು ಕಟ್ಟಿಕೊಂಡು ಕಿಡ್ನಿಗೇ ಸಂಚಕಾರ. ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಒಪ್ಪಿಗೆ ಪತ್ರದ ವಿಷಯ. ಗಡಿಯಾಚೆ ಈ ಪತ್ರ ಮರಾಠಿ, ಮಲಯಾಳ, ತಮಿಳು, ತೆಲುಗು ಅಥವಾ ಇಂಗ್ಲಿಷಿನಲ್ಲಿ ಇರುತ್ತದೆ. ಓದಲು ಬಾರದಿದ್ದರೆ ಸಹಿ ಹಾಕುವ ಮೊದಲು ಅರ್ಥ ಹೇಳಿಸಿಕೊಳ್ಳುವುದು ನಮ್ಮ ಹಕ್ಕು. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ, ಚಿಕಿತ್ಸೆಯ ಸ್ವರೂಪ, ಪರ್ಯಾಯ, ಅಪಾಯಗಳನ್ನು ತಿಳಿಸಿ ಪಡೆದ ಒಪ್ಪಿಗೆಯೇ ನಿಜವಾದ ಒಪ್ಪಿಗೆ ಎಂದು ಹೇಳಿದೆ. ಹಾಗೆಯೇ, ರೋಗಿ ಕೇಳಿದರೆ 72 ಗಂಟೆಗಳೊಳಗೆ ಚಿಕಿತ್ಸಾ ದಾಖಲೆ ಕೊಡಬೇಕೆಂದು 2002ರ ವೈದ್ಯಕೀಯ ಪರಿಷತ್ತಿನ ನಿಯಮಾವಳಿಯಲ್ಲಿದೆ. ಸ್ಕ್ಯಾನ್, ಡಿಸ್ಚಾರ್ಜ್ ಚೀಟಿ, ಆಪರೇಷನ್ ಟಿಪ್ಪಣಿಯ ಪ್ರತಿಗಳನ್ನು ಒಂದು ಫೈಲಿನಲ್ಲಿ ಇಡಿ. ಒಂದು ರಾಜ್ಯದಲ್ಲಿ ತೋರಿಸಿ ಇನ್ನೊಂದರಲ್ಲಿ ಆಪರೇಷನ್ ಮಾಡಿಸುವ ನಮ್ಮಂಥವರಿಗೆ ಆ ಫೈಲು ಬಹಳ ಮುಖ್ಯ. ಸರ್ಕಾರಿ ವಿಮಾ ಕಾರ್ಡು ಗಡಿಯಾಚೆಯ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂಬುದನ್ನು ದಾಖಲಾಗುವ ಮೊದಲೇ ಅಲ್ಲಿನ ಕೌಂಟರಿನಲ್ಲಿ ವಿಚಾರಿಸಿ.

ಕೊನೆಯದಾಗಿ, ಎಷ್ಟು ನುರಿತ ಕೈ ತೆಗೆದರೂ ಕಲ್ಲು ಮತ್ತೆ ಬರಬಹುದು. ಬಿಸಿಲು ನಾಡಿನಲ್ಲಿ ಬೆವರು ಹೆಚ್ಚು, ಮೂತ್ರ ಗಟ್ಟಿ. ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಬೇಕು, ಉಪ್ಪು ಕಡಿಮೆ ಮಾಡಬೇಕು ಎಂಬುದು ವೈದ್ಯರ ಸಾಮಾನ್ಯ ಸಲಹೆ. ಹೃದಯದ ಅಥವಾ ಕಿಡ್ನಿ ವೈಫಲ್ಯದ ತೊಂದರೆ ಇರುವವರು ನೀರಿನ ಪ್ರಮಾಣವನ್ನು ತಮ್ಮ ವೈದ್ಯರನ್ನು ಕೇಳಿಯೇ ನಿರ್ಧರಿಸಲಿ.

ಶಾಖೆಗಳ ಪದಾಧಿಕಾರಿಗಳು ಮೇಲಿನ ಏಳು ಪ್ರಶ್ನೆಗಳನ್ನು ಮುದ್ರಿಸಿ ತಮ್ಮ ಸೂಚನಾ ಫಲಕದಲ್ಲಿ ಹಾಕಬೇಕೆಂದು ಕೋರುತ್ತೇವೆ. ಆಸ್ಪತ್ರೆಯಲ್ಲಿ ಭಾಷೆಯ ತೊಡಕಿದ್ದು ಜೊತೆಗೆ ಬರುವವರು ಬೇಕಾದ ಸದಸ್ಯರು ತಮ್ಮ ಶಾಖೆಗೆ ಮುಂಚಿತವಾಗಿ ತಿಳಿಸಿದರೆ, ಆ ಭಾಷೆ ಬಲ್ಲ ಒಬ್ಬರನ್ನು ಕಳಿಸಲು ಪ್ರಯತ್ನಿಸುತ್ತೇವೆ.

— ಕಾರ್ಯದರ್ಶಿ